ವಿಮಾನ ಹಿಂದುಮುಂದಾಗಿಲ್ಲ ಸ್ವಾಮಿ, ಪಾರ್ಟೇ ಬಂದಿಲ್ಲ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಇದೇ ವಿಷಯಕ್ಕೆ ನಾನು ಬರೆಯುತ್ತಿರುವ ನಾಲ್ಕನೇ ಪತ್ರ ಇದು. ಮೊದಲ ಮೂರಕ್ಕೆ ನೀವು ಕೊಟ್ಟ ಉತ್ತರ ನೋಡಿದರೆ, ನಾನು ಬರೆದದ್ದನ್ನು ಯಾರೂ ಪೂರ್ತಿ ಓದಿದ ಹಾಗಿಲ್ಲ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಹೋದ ತಿಂಗಳು ನಿಮ್ಮಿಂದ 3,850 ರೂಪಾಯಿ ಕೊಟ್ಟು ಒಂದು ಪ್ಲಾಸ್ಟಿಕ್ ವಿಮಾನದ ಕಿಟ್ ತರಿಸಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಪ್ರಯೋಗಕ್ಕೆ ಮಾಡಿದ ಯುದ್ಧವಿಮಾನ, ಕರ್ಟಿಸ್ ಕಂಪನಿಯ ಎಕ್ಸ್‌ಪಿ-55 ಅಸೆಂಡರ್, 1:48 ಅಳತೆ. ಡಬ್ಬ ಚೆನ್ನಾಗಿತ್ತು, ಪ್ಯಾಕಿಂಗ್ ಚೆನ್ನಾಗಿತ್ತು, ಒಳಗೆ ಮಾತ್ರ ಮೂತಿಯ ತುದಿಗೆ ಅಂಟಿಸಬೇಕಾದ ಪುಟ್ಟ ರೆಕ್ಕೆ ಇರಲಿಲ್ಲ. ಕೈಪಿಡಿಯಲ್ಲಿ ಅದಕ್ಕೆ 14 ಮತ್ತು 15 ಅಂತ ನಂಬರ್ ಇದೆ. ಪಾರ್ಟುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ 13 ಆದ ಮೇಲೆ ಸೀದಾ 16. ಫೋಟೋ ತೆಗೆದು ಕಳಿಸಿದೆ. ಅದಕ್ಕೆ ನಿಮ್ಮ ಕಡೆಯಿಂದ ಬಂದ ಉತ್ತರ: "ಸರ್, ನೀವು ವಿಮಾನವನ್ನು ಹಿಂದುಮುಂದು ಜೋಡಿಸಿದ್ದೀರಿ. ಪ್ರೊಪೆಲ್ಲರ್ ಮುಂದೆ ಬರಬೇಕು. ಜೋಡಿಸಿದ ಕಿಟ್ ವಾಪಸ್ ತೆಗೆದುಕೊಳ್ಳುವುದಿಲ್ಲ."

ಹಿಂದುಮುಂದು ನೋಡದೆ ಉತ್ತರ ಕೊಡುವುದು ಅಂದರೆ ಇದೇ ಇರಬೇಕು.

ಸ್ವಾಮಿ, ಆ ವಿಮಾನ ಇದ್ದದ್ದೇ ಹಾಗೆ. ನೀವೇ ಮಾರುವ ವಸ್ತು ಅದು. 1939ರ ಕೊನೆಯಲ್ಲಿ ಅಮೆರಿಕದ ಸೈನ್ಯದ ವಾಯುದಳದವರು ಆರ್-40ಸಿ ಅನ್ನುವ ಬೇಡಿಕೆ ಪತ್ರ ಹೊರಡಿಸಿ, ಮಾಮೂಲಿ ವಿಮಾನ ಬೇಡ, ಹೊಸ ತರದ್ದು ಏನಾದರೂ ಯೋಚನೆ ಮಾಡಿ ಅಂತ ಕಂಪನಿಗಳನ್ನು ಕೇಳಿದರು. ಕೊನೆಗೆ ಮೂರು ಉಳಿದವು: ವಲ್ಟಿಯವರ ಎಕ್ಸ್‌ಪಿ-54, ಕರ್ಟಿಸ್‌ನವರ ಎಕ್ಸ್‌ಪಿ-55, ನಾರ್ಥ್ರಪ್‌ನವರ ಎಕ್ಸ್‌ಪಿ-56. ಮೂರಕ್ಕೂ ಪ್ರೊಪೆಲ್ಲರ್ ಹಿಂದೆಯೇ. ಎಂಜಿನ್ ಹಿಂದೆ ಹೋದರೆ ಮೂತಿ ಖಾಲಿ ಆಗುತ್ತದೆ, ಬಂದೂಕುಗಳನ್ನೆಲ್ಲ ಅಲ್ಲೇ ಒಟ್ಟಿಗೆ ಇಡಬಹುದು, ಪೈಲಟ್‌ಗೂ ಎದುರಿಗೆ ಏನೂ ಅಡ್ಡ ಬರುವುದಿಲ್ಲ. ಅಸೆಂಡರ್‌ಗೆ ಮಾಮೂಲಿ ಬಾಲವೇ ಇಲ್ಲ. ಬಾಲದ ರೆಕ್ಕೆ ಮಾಡಬೇಕಾದ ಕೆಲಸವನ್ನು ಮೂತಿಯ ಆ ಪುಟ್ಟ ರೆಕ್ಕೆ ಮಾಡುತ್ತದೆ. ವಿಮಾನದ ಮೂತಿ ಏಳಬೇಕು, ಇಳಿಯಬೇಕು ಅಂದರೆ ಅದೇ ತಿರುಗಬೇಕು. ನೀವು ಕಳಿಸದೇ ಇರುವುದು ಅದನ್ನೇ! ಕಾಕ್‌ಪಿಟ್‌ನ ಒಂದು ಕಡ್ಡಿಯೋ, ಚಕ್ರದ ಒಂದು ಮುಚ್ಚಳವೋ ಬಂದಿಲ್ಲ ಅಂದಿದ್ದರೆ ನಾನೇ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಿಕೊಳ್ಳುತ್ತಿದ್ದೆ, ನಿಮಗೆ ತೊಂದರೆ ಕೊಡುತ್ತಿರಲಿಲ್ಲ.

ಆ ಪುಟ್ಟ ರೆಕ್ಕೆಗೆ ಎಷ್ಟು ಕಥೆ ಇದೆ ಅಂತ ನಿಮಗೆ ಗೊತ್ತಿದ್ದರೆ ಹೀಗೆ ಬರೆಯುತ್ತಿರಲಿಲ್ಲ. 1943ರ ಜುಲೈ 19ರಂದು ಇಲಿನಾಯ್‌ನ ಸ್ಕಾಟ್ ಫೀಲ್ಡ್‌ನಲ್ಲಿ ಮೊದಲ ಅಸೆಂಡರ್ ಹಾರಿತು, ಪೈಲಟ್ ಹಾರ್ವಿ ಗ್ರೇ. ನೆಲ ಬಿಡುವುದಕ್ಕೇ ವಿಪರೀತ ದೂರ ಓಡಬೇಕಾಯಿತು. ಮೂತಿಯ ರೆಕ್ಕೆ ಸಾಲದು ಅಂತ ಅದನ್ನು ದೊಡ್ಡದು ಮಾಡಿದರು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ನವೆಂಬರ್ 15ರಂದು, ವೇಗ ಕಮ್ಮಿಯಾದಾಗ ವಿಮಾನ ಹೇಗೆ ನಡೆದುಕೊಳ್ಳುತ್ತದೆ ಅಂತ ಗ್ರೇ ಪರೀಕ್ಷೆ ಮಾಡುತ್ತಿದ್ದಾಗ ಅದು ಇದ್ದಕ್ಕಿದ್ದಂತೆ ಮಗುಚಿ ಅಂಗಾತ ಬಿತ್ತು, ಏನು ಮಾಡಿದರೂ ಸರಿ ಹೋಗಲಿಲ್ಲ, ಸುಮಾರು 16,000 ಅಡಿ ಹಾಗೆಯೇ ಬೀಳುತ್ತಾ ಬಂತು. ಗ್ರೇ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬದುಕಿದರು, ವಿಮಾನ ಹೋಯಿತು. ಆಮೇಲೆ ಮೂರನೆಯ ಅಸೆಂಡರ್‌ಗೆ ದೊಡ್ಡ ರೆಕ್ಕೆಯ ತುದಿಗಳನ್ನು ಉದ್ದ ಮಾಡಿ, ಮೂತಿಯ ರೆಕ್ಕೆ ಇನ್ನೂ ಜಾಸ್ತಿ ತಿರುಗುವ ಹಾಗೆ ಮಾಡಬೇಕಾಯಿತು. ಇಷ್ಟೆಲ್ಲ ಒದ್ದಾಟ ನಡೆದದ್ದು ನಿಮ್ಮ 14 ಮತ್ತು 15ನೇ ನಂಬರಿನ ಸುತ್ತ.

ಪಾರ್ಟಿನ ವಿಷಯ ಒಂದು ಕಡೆ ಇರಲಿ. ಡಬ್ಬದ ಮೇಲೆ, ನಿಮ್ಮ ಜಾಹೀರಾತಿನಲ್ಲಿ, ಒಳಗಿನ ಪುಸ್ತಿಕೆಯಲ್ಲಿ ಏನೇನು ಬರೆದಿದ್ದೀರಿ ನೋಡಿ. "ಪೆಸಿಫಿಕ್ ಸಾಗರದಲ್ಲಿ ಜಪಾನಿ ವಿಮಾನಗಳನ್ನು ನಡುಗಿಸಿದ ಯುದ್ಧವೀರ" ಅಂತೆ. ಒಟ್ಟು ಆಗಿದ್ದೇ ಮೂರು ವಿಮಾನ, ಒಂದೂ ಯುದ್ಧಕ್ಕೆ ಹೋಗಲಿಲ್ಲ. ಇದಕ್ಕೆಂದೇ ನೆಚ್ಚಿಕೊಂಡಿದ್ದ ಪ್ರ್ಯಾಟ್ ಅಂಡ್ ವಿಟ್ನಿಯವರ ಹೊಸ ಎಂಜಿನ್ ಕೆಲಸವೇ ನಿಂತುಹೋಗಿ, ಅದರ ಬದಲು ಅಲಿಸನ್ ಎಂಜಿನ್ ಹಾಕಿಕೊಂಡರು. ಗಂಟೆಗೆ ಸುಮಾರು 628 ಕಿಲೋಮೀಟರ್ ವೇಗ ಬಂತು, ಆದರೆ ಆ ಹೊತ್ತಿಗೆ ಅಮೆರಿಕದವರದೇ ಇನ್ನೊಂದು ಯುದ್ಧವಿಮಾನ ಮಸ್ಟಾಂಗ್ ಅದಕ್ಕಿಂತ ಚೆನ್ನಾಗಿಯೇ ಹಾರುತ್ತಿತ್ತು. ಹಾಗಾಗಿ ಕೈಬಿಟ್ಟರು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಪ್ರಯೋಗ ಅಂದ ಮೇಲೆ ಕೆಲವು ಕೈಕೊಡುತ್ತವೆ. ಸುಮ್ನೆ ವೀರ ಶೂರ ಅಂತ ಯಾಕೆ ಬಣ್ಣ ಹಚ್ಚುತ್ತೀರಿ?

ನನಗೆ ನಿಜಕ್ಕೂ ಕೋಪ ಬಂದದ್ದು ಪುಸ್ತಿಕೆಯ ಕೊನೆಯ ಪುಟ ನೋಡಿ. "ಒಂದೂ ಅಪಘಾತ ಕಾಣದ ವಿಮಾನ" ಅಂತ ಅಚ್ಚು ಹಾಕಿಸಿದ್ದೀರಿ. ಮೂರರಲ್ಲಿ ಎರಡು ಬಿದ್ದಿವೆ. ಮೊದಲನೆಯದರ ಕಥೆ ಮೇಲೆ ಹೇಳಿದೆ. ಮೂರನೆಯದು 1945ರ ಮೇ 27ರಂದು ಒಹಾಯೋದ ರೈಟ್ ಫೀಲ್ಡ್‌ನಲ್ಲಿ ಜನರ ಮುಂದೆ ಪ್ರದರ್ಶನ ಹಾರಾಟ ಮಾಡುವಾಗ ನೆಲಕ್ಕೆ ಅಪ್ಪಳಿಸಿತು. ಪೈಲಟ್ ವಿಲಿಯಂ ಗ್ಲಾಸ್ಗೋ ಸತ್ತರು, ಪಕ್ಕದ ರಸ್ತೆಯಲ್ಲಿ ತಮ್ಮ ಪಾಡಿಗೆ ವಾಹನದಲ್ಲಿ ಹೋಗುತ್ತಿದ್ದವರೂ ಸತ್ತರು. ಆಟಿಕೆ ಮಾರುವುದಕ್ಕೆ ಇದನ್ನೆಲ್ಲ ಬರೆಯಬೇಕು ಅಂತ ನಾನು ಹೇಳುತ್ತಿಲ್ಲ. ಆಗಲೇ ಇಲ್ಲ ಅಂತ ಮಾತ್ರ ಬರೆಯಬೇಡಿ.

ಇನ್ನು ಪುಸ್ತಿಕೆಯ ಎರಡನೇ ಪುಟದ ಫೋಟೋ. ಅದು ಅಸೆಂಡರ್ ಅಲ್ಲವೇ ಅಲ್ಲ, ಜಪಾನಿನ ಶಿಂಡೆನ್! ಅದಕ್ಕೂ ಪುಟ್ಟ ರೆಕ್ಕೆ ಮುಂದೆ, ಪ್ರೊಪೆಲ್ಲರ್ ಹಿಂದೆ, ಒಪ್ಪುತ್ತೇನೆ. ಆದರೆ ಅದರ ಪ್ರೊಪೆಲ್ಲರ್‌ಗೆ ಆರು ಅಲಗು, ಇದಕ್ಕೆ ಮೂರು. ಅದು ಮೊದಲು ಹಾರಿದ್ದು 1945ರ ಆಗಸ್ಟ್ 3ರಂದು, ಹಿರೋಷಿಮಾದ ಮೇಲೆ ಬಾಂಬ್ ಬೀಳುವುದಕ್ಕೆ ಮೂರು ದಿನ ಮೊದಲು, ಅಮೆರಿಕದ ಬಾಂಬರ್‌ಗಳನ್ನು ಹೊಡೆದುರುಳಿಸಲಿ ಅಂತ ಮಾಡಿದ್ದು. ಶತ್ರುವಿನ ವಿಮಾನದ ಫೋಟೋ ಹಾಕಿ ಕೆಳಗೆ ಅಮೆರಿಕದ ಹೆಸರು ಬರೆದಿದ್ದೀರಲ್ಲ! ಎಡಗಡೆ ಪುಟದಲ್ಲಿ ಜಪಾನಿಗಳನ್ನು ನಡುಗಿಸಿದ ವೀರ, ಬಲಗಡೆ ಪುಟದಲ್ಲಿ ಜಪಾನಿಗಳದೇ ವಿಮಾನ.

ಇನ್ನೊಂದು ಸಣ್ಣ ವಿಷಯ. ಎಂಜಿನ್ ಹಿಂದಿರುವ ವಿಮಾನದ ಮಾದರಿಗೆ ಮೂತಿಯೊಳಗೆ ಭಾರ ಇಡದಿದ್ದರೆ ಅದು ಬಾಲದ ಮೇಲೆ ಕೂರುತ್ತದೆ, ಮಾದರಿ ಮಾಡುವವರಿಗೆಲ್ಲ ಗೊತ್ತಿರುವ ಮಾತು. ಕೈಪಿಡಿಯಲ್ಲಿ ಅದರ ಸುದ್ದಿಯೇ ಇಲ್ಲ. ಅದೃಷ್ಟಕ್ಕೆ ಮನೆಯಲ್ಲಿ ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳಿದ್ದವು.

ಮೂರನೇ ಉತ್ತರದಲ್ಲಿ ನೀವು "ಇದರ ಬದಲು ಅದೇ ಬೆಲೆಯ ಮಸ್ಟಾಂಗ್ ಕಳಿಸುತ್ತೇವೆ, ಅದು ಜಾಸ್ತಿ ಫೇಮಸ್" ಅಂದಿರಿ. ಫೇಮಸ್ ಆಗಿರುವುದಕ್ಕೇ ಅದು ನನಗೆ ಬೇಡ. ನಮ್ಮ ಮನೆಯಲ್ಲಿ ಪ್ರತಿ ವರ್ಷ ದಸರಾ ಗೊಂಬೆ ಕೂರಿಸುತ್ತೇವೆ. ಈ ಸಲ ಕೆಳಗಿನ ಮೆಟ್ಟಿಲು ಮಗಳದು, ಅವಳು ಅಲ್ಲಿ ವಿಚಿತ್ರ ವಿಮಾನಗಳನ್ನೇ ಇಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ವಾಟ್ ಕಂಪನಿಯ ವಿ-173 ಆಗಲೇ ರೆಡಿ ಇದೆ, 1942ರಲ್ಲಿ ಮರ, ಬಟ್ಟೆ, 80 ಕುದುರೆ ಶಕ್ತಿಯ ಎರಡು ಎಂಜಿನ್ ಇಟ್ಟುಕೊಂಡು ಹಾರಿದ ತಟ್ಟೆಯಂಥ ವಿಮಾನ. ಅಮೆರಿಕದವರು ಹಾರುವ ಪ್ಯಾನ್‌ಕೇಕ್ ಅಂದರು, ನಮ್ಮ ಮನೆಯಲ್ಲಿ ಅದು ಸೆಟ್ ದೋಸೆ. ಅದೂ ನಿಮ್ಮಿಂದಲೇ ತರಿಸಿದ್ದು, ಎಲ್ಲ ಪಾರ್ಟೂ ಇತ್ತು, ಅದಕ್ಕೇ ನಂಬಿಕೊಂಡು ಮತ್ತೆ ಬಂದೆ. ಅದರ ಪಕ್ಕ ಅಸೆಂಡರ್ ಕೂರಬೇಕು. ಕರ್ಟಿಸ್ ಹೆಸರು ಬೆಂಗಳೂರಿಗೂ ಹೊಸದಲ್ಲ ನೋಡಿ. 1942ರ ಜುಲೈನಲ್ಲಿ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಹಾರಿತ್ತು, ನಮ್ಮ ತಾತ ಆಗ ಅಲ್ಲಿ ಫಿಟ್ಟರ್. ಪಾರ್ಟ್ ಬರದೆ ಕೆಲಸ ನಿಂತರೆ ಅವರು ಎಷ್ಟು ರೇಗುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಆ ಗುಣ ನನಗೂ ಬಂದಿದೆ ಅಂತ ಕಾಣುತ್ತದೆ.

ಈಗ ನನಗೆ ಬೇಕಾಗಿರುವುದು ಇಷ್ಟು. 14 ಮತ್ತು 15ನೇ ಪಾರ್ಟುಗಳನ್ನು ಗೊಂಬೆ ಕೂರಿಸುವ ಮೊದಲು ತಲುಪುವ ಹಾಗೆ ಕಳಿಸಿ, ಕೊರಿಯರ್ ಖರ್ಚು ನಿಮ್ಮದೇ. ಆಗುವುದಿಲ್ಲ ಅಂದರೆ ಪೂರ್ತಿ 3,850 ರೂಪಾಯಿ ವಾಪಸ್ ಕೊಡಿ, ಕೂಪನ್ ಬೇಡ, ಪಾಯಿಂಟ್ಸ್ ಬೇಡ, ಮಸ್ಟಾಂಗ್ ಖಂಡಿತ ಬೇಡ. ಜಾಹೀರಾತಿನಲ್ಲಿರುವ ಯುದ್ಧವೀರನನ್ನು ತೆಗೆದುಹಾಕಿ. ಅಪಘಾತದ ಸಾಲನ್ನು ಸರಿಮಾಡಿ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಬಿಲ್ಲು, ಫೋಟೋ, ನಿಮ್ಮ ಮೂರೂ ಉತ್ತರ ಇಟ್ಟುಕೊಂಡು ಗ್ರಾಹಕರ ವೇದಿಕೆಗೆ ಹೋಗುತ್ತೇನೆ.

ಹೊಸದಾಗಿ ತೆಗೆದ ಎರಡು ಫೋಟೋ ಇದರ ಜೊತೆ ಕಳಿಸಿದ್ದೇನೆ. ಎರಡರಲ್ಲೂ ಎಡಗಡೆ ಇರುವುದು ವಿಮಾನದ ಮುಂಭಾಗ.

ಇಂತಿ,
ನಿಮ್ಮ ಹಳೆಯ ಗ್ರಾಹಕ