ಓದಿ ವಾಪಸ್ ಕೊಡುವ ಪದ್ಧತಿ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಓದುಗರೇ, ಸದಸ್ಯರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮಲ್ಲಿ ‘ಓದಿ, ಹಿಡಿಸದಿದ್ದರೆ ವಾಪಸ್ ಕೊಡಿ’ ಪದ್ಧತಿ ಇರುವುದಿಲ್ಲ. ಮೈಸೂರಿನ ನಮ್ಮ ಪುಸ್ತಕ ಮಳಿಗೆಗೂ ಅಷ್ಟೇ, ಮಂಡ್ಯದಲ್ಲಿ ಶನಿವಾರ ಹಾಕುವ ಪುಸ್ತಕದ ಮೇಜಿಗೂ ಅಷ್ಟೇ, ಅಂಚೆಯಲ್ಲಿ ತರಿಸಿಕೊಳ್ಳುವವರಿಗೂ ಅಷ್ಟೇ. ಈ ಪದ್ಧತಿ ನಿಲ್ಲಿಸಲು ನಮಗೂ ಮನಸ್ಸಿಲ್ಲ. ಬೇಜಾರಾದವರು ದಯವಿಟ್ಟು ಕ್ಷಮಿಸಿ. ಆದರೆ ಕಾರಣ ಪೂರ್ತಿ ಹೇಳಿಬಿಡುತ್ತೇವೆ. ಅರ್ಧಂಬರ್ಧ ಸುದ್ದಿ ಆಗಲೇ ಓಡಾಡುತ್ತಿದೆ.

ಇದೆಲ್ಲ ಆಗಿದ್ದು ನಾವೇ ಅಚ್ಚು ಹಾಕಿಸಿದ ಒಂದು ಕಾದಂಬರಿಯಿಂದ. ಅದರ ಕತೆ ಇಷ್ಟು: ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕಾಣೆಯಾದ ಹಳೇ ರಿಜಿಸ್ಟರು. ಅದನ್ನು ಹುಡುಕುವ ಇಂಜಿನಿಯರ್ ಹುಡುಗಿ. ಅದರ ಬಗ್ಗೆ ಬಾಯಿಬಿಟ್ಟವರಿಗೆಲ್ಲ ವಾರದೊಳಗೆ ವರ್ಗಾವಣೆ. ಕೊನೆಗೆ ರಿಜಿಸ್ಟರು ಸಿಗುತ್ತದೆ. ಅವಳು ನಿಂತಲ್ಲೇ ಓದುತ್ತಾಳೆ, ಮುಚ್ಚುತ್ತಾಳೆ, ಬೀರುವಿನಲ್ಲಿಟ್ಟು ಬೀಗ ಹಾಕಿ ಕಾಫಿ ಕುಡಿಯಲು ಹೊರಡುತ್ತಾಳೆ. ಅದರಲ್ಲಿ ಏನಿತ್ತು ಅಂತ ಲೇಖಕರು ಹೇಳುವುದಿಲ್ಲ. ಇನ್ನೂ ಓದದವರು ನಮ್ಮನ್ನು ಬೈಯಬೇಡಿ. ಮೈಸೂರು–ಮಂಡ್ಯ ರೈಲಿನಲ್ಲಿ ದಿನಾ ಓಡಾಡುವವರು ಈ ಮುಕ್ತಾಯವನ್ನು ನಿಮಗೆ ಯಾವಾಗಲೋ ಹೇಳಿರುತ್ತಾರೆ.

ಅಲ್ಲಿಂದ ಓದುಗರು ಎರಡು ಪಾಳಯ. ಒಂದು ಕಡೆಯವರು ‘ಅವಳೂ ಒಳಸಂಚಿನೊಳಗೆ ಸೇರಿಕೊಂಡಳು, ಅದೇ ಭಯ ಹುಟ್ಟಿಸುವುದು’ ಅನ್ನುತ್ತಾರೆ. ಇನ್ನೊಂದು ಕಡೆಯವರು ‘ಬೆಟ್ಟ ಅಗೆದು ಇಲಿ ಹಿಡಿದರು, ಆ ಇಲಿಯನ್ನೂ ತೋರಿಸಲಿಲ್ಲ’ ಅನ್ನುತ್ತಾರೆ. ಮಳವಳ್ಳಿ ಕಡೆಯ ಕೆಲವು ಹುಡುಗರು ಪುಸ್ತಕ ಹಿಡಿದುಕೊಂಡು ಆ ವಿದ್ಯುತ್ ಕೇಂದ್ರ ಇರುವ ಬ್ಲಫ್‌ಗೇ ಹೋಗಿ, ಆ ಬೀರು ಯಾವ ರೂಮಿನಲ್ಲಿದೆ ಅಂತ ವಿಚಾರಿಸಿ ಬಂದಿದ್ದಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು ನಿಜ. ರಿಜಿಸ್ಟರು, ಬೀರು, ಬೀಗ ಎಲ್ಲ ಲೇಖಕರ ತಲೆಯಿಂದ ಬಂದಿದ್ದು.

ಜಗಳ ಆಡಿದ್ದಕ್ಕೆ ನಮಗೆ ಬೇಸರವಿಲ್ಲ, ಸಂತೋಷವೇ. ತೊಂದರೆ ಆಗಿದ್ದು ಪುಸ್ತಕ ವಾಪಸ್ ಬರತೊಡಗಿದಾಗ. ಮಳಿಗೆಯ ಹಿಂದಿನ ಒಂದು ರ‍್ಯಾಕು ಪೂರ್ತಿ ಅದೇ ಪುಸ್ತಕ. ಎಲ್ಲ ಕೊನೇ ಪುಟದವರೆಗೂ ಓದಿರುವ ಪ್ರತಿಗಳು. ಒಂದರಲ್ಲಿ ಸಾರಿನ ಕಲೆ. ಒಂದರಲ್ಲಿ 299ನೇ ಪುಟದ ಕೆಳಗೆ ಕೆಂಪು ಪೆನ್ನಿನಲ್ಲಿ ‘ಆಮೇಲೆ?’ ಅಂತ ಬರೆದು ಕಾಗದ ಹರಿಯುವ ಹಾಗೆ ಗೆರೆ ಎಳೆದಿದ್ದಾರೆ. ಇನ್ನೊಂದರಲ್ಲಿ ಖಾಲಿ ಪುಟದ ಮೇಲೆ ಕಂದು ಬಣ್ಣದ ಇಸ್ತ್ರಿ ಗುರುತು! ನಿಂಬೆರಸದಲ್ಲಿ ಗುಟ್ಟಾಗಿ ಏನೋ ಬರೆದಿರಬೇಕು, ಬಿಸಿ ಮಾಡಿದರೆ ಕಾಣುತ್ತದೆ ಅಂತ ಅವರ ಲೆಕ್ಕ. ಆ ಶ್ರದ್ಧೆಗೆ ಕೈ ಮುಗಿಯುತ್ತೇವೆ. ಆದರೆ ಅದಕ್ಕೂ ಪೂರ್ತಿ ದುಡ್ಡು ವಾಪಸ್ ಕೇಳಿದರೆ ನಾವೇನು ಮಾಡುವುದು? ಕೊಟ್ಟೆವು ಅನ್ನಿ.

ಈಗ, ಕೇಳಿ ಕೇಳಿ ನಮ್ಮ ಕಿವಿ ತೂತಾಗಿರುವ ಆರೋಪಕ್ಕೆ ಬರುತ್ತೇವೆ. ‘ಕಾಗದ ಉಳಿಸಲು ಕೊನೇ ಅಧ್ಯಾಯ ಕತ್ತರಿಸಿದಿರಿ. ಅದಕ್ಕೇ ಕೊನೆಯಲ್ಲಿ ಖಾಲಿ ಪುಟ ಇದೆ.’ ಇದನ್ನು ಕೌಂಟರಿನಲ್ಲಿ ಹೇಳಿದ್ದಾರೆ, ಫೋನಿನಲ್ಲಿ ಹೇಳಿದ್ದಾರೆ, ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗಲೂ ಹೇಳಿದ್ದಾರೆ.

ಪುಸ್ತಕ ಅಚ್ಚಾಗುವುದು ಬಿಡಿ ಪುಟಗಳಲ್ಲಿ ಅಲ್ಲ, ಫಾರಂ ಲೆಕ್ಕದಲ್ಲಿ. ಫಾರಂ ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟು. ನಮ್ಮದು ಡೆಮಿ ಅನ್ನುವ ಕಾಗದದ ಅಳತೆ, ಒಂದು ಫಾರಂಗೆ 16 ಪುಟ. ಹದಿನೆಂಟು ಫಾರಂ ಅಂದರೆ 288 ಪುಟ. ಕತೆ ಅಲ್ಲಿಗೆ ಮುಗಿಯಲಿಲ್ಲ, 299ರವರೆಗೆ ಹೋಯಿತು. ಆ ಹನ್ನೊಂದು ಪುಟಕ್ಕೋಸ್ಕರ ನಾವು ಹತ್ತೊಂಬತ್ತನೇ ಫಾರಂ ಪೂರ್ತಿ ಹಾಕಿಸಬೇಕಾಯಿತು, ಒಟ್ಟು 304 ಪುಟ. ಉಳಿದ ಐದು ಪುಟದಲ್ಲಿ ಒಂದು ಲೇಖಕರ ವಂದನೆ, ಎರಡು ನಮ್ಮ ಬೇರೆ ಪುಸ್ತಕಗಳ ಪಟ್ಟಿ, ಎರಡು ಖಾಲಿ. ಕಾಗದ ಉಳಿಸುವ ಬುದ್ಧಿ ನಮಗಿದ್ದರೆ ಕತೆಯಲ್ಲಿ ಹನ್ನೊಂದು ಪುಟ ಇಳಿಸಿ ಅಂತ ಲೇಖಕರ ಕೈಕಾಲು ಹಿಡಿದು 288ಕ್ಕೆ ಮುಗಿಸುತ್ತಿದ್ದೆವು. ಖಾಲಿ ಪುಟ ಇರುವುದೇ ನಾವು ಕಾಗದಕ್ಕೆ ಜಿಪುಣತನ ಮಾಡಲಿಲ್ಲ ಅನ್ನುವುದಕ್ಕೆ ಸಾಕ್ಷಿ.

ಇನ್ನು ಫಾರಂ ಬಿಟ್ಟುಹೋಗಿದೆಯೇನೋ ಅನ್ನುವ ಅನುಮಾನ. ಪುಟದ ನಂಬರ್ ನೋಡಿ. ಫಾರಂ ಬಿಟ್ಟುಹೋದರೆ 16 ಪುಟ ಒಟ್ಟಿಗೆ ಹಾರಿರುತ್ತದೆ: 272 ಆದ ಮೇಲೆ ಸೀದಾ 289 ಬರುತ್ತದೆ. ಅಂಥ ಪ್ರತಿ ಸಿಕ್ಕಿದ್ದರೆ ತನ್ನಿ, ಬೇರೆ ಪ್ರತಿ ಕೊಡುತ್ತೇವೆ. ಈ ನಿಯಮ ಮೊದಲೂ ಇತ್ತು, ಮುಂದೆಯೂ ಇರುತ್ತದೆ. ನಂಬರ್ ಸರಿಯಾಗಿದ್ದು ಕತೆ ಮಾತ್ರ ಅಪೂರ್ಣ ಅನ್ನಿಸಿದರೆ ಅದು ಬೈಂಡಿಂಗಿನ ದೋಷವಲ್ಲ.

‘ಎರಡನೇ ಭಾಗ ಮಾರಲು ಬಚ್ಚಿಟ್ಟಿದ್ದೀರಿ’ ಅನ್ನುವವರಿಗೆ ಒಂದೇ ಮಾತು. ಎರಡನೇ ಭಾಗ ಇಲ್ಲ.

ಖರ್ಚಿನ ವಿಷಯ ಹೇಳದೆ ಇರಲಾಗುವುದಿಲ್ಲ. ‘ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಲ್ಲ, ನಿಮಗೇನು ಕಷ್ಟ?’ ಅಂತ ಕೇಳುತ್ತೀರಿ. ಪುಸ್ತಕಕ್ಕೆ ಇಲ್ಲ, ಕಾಗದಕ್ಕೆ ಇದೆ. 2025ರ ಸೆಪ್ಟೆಂಬರಿನಲ್ಲಿ ನೋಟ್‌ಬುಕ್ಕಿನ ಕಾಗದಕ್ಕೆ ತೆರಿಗೆ ಸೊನ್ನೆ ಆಯಿತು. ಪುಸ್ತಕ ಅಚ್ಚು ಹಾಕುವ ಕಾಗದಕ್ಕೆ ಶೇ 12 ಇದ್ದದ್ದು ಶೇ 18 ಆಯಿತು. ಮಾರುವ ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದ ನಾವು ಕಟ್ಟಿದ್ದನ್ನು ವಾಪಸ್ ಪಡೆಯುವ ದಾರಿಯೂ ಇಲ್ಲ, ಅಸಲಿಗೇ ಸೇರುತ್ತದೆ. ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸಬಹುದಾಗಿದ್ದ ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ ತಿಂಗಳಲ್ಲಿ ಪುಸ್ತಕ ಕಳಿಸಲು ಅಂಚೆಯ ಜ್ಞಾನ ಪೋಸ್ಟ್ ಬಂತು, ಸರಿ. ಅದು ಮುಖ್ಯವಾಗಿ ಪಠ್ಯದ, ಕಲಿಕೆಯ ಪುಸ್ತಕಗಳಿಗೆ. ಕಾಣೆಯಾದ ರಿಜಿಸ್ಟರಿನ ಕತೆ ಜ್ಞಾನವೋ ಅಲ್ಲವೋ ಅಂತ ಕೌಂಟರಿನಲ್ಲಿ ನಿಂತು ವಾದ ಮಾಡುವ ಧೈರ್ಯ ನಮಗಿಲ್ಲ. ಹೋಗುವಾಗ ಒಂದು ಖರ್ಚು, ವಾಪಸ್ ಬರುವಾಗ ಇನ್ನೊಂದು. ಬಂದ ಪ್ರತಿಯನ್ನು ಹೊಸದು ಅಂತ ಮಾರುವ ಹಾಗಿಲ್ಲ, ಮಾರುವುದೂ ಇಲ್ಲ.

ಬೆಲೆ ಏರಿಸಬಹುದಿತ್ತು. ಆಗ ಪುಸ್ತಕ ಕೊಂಡು ಮನೆಯಲ್ಲೇ ಇಟ್ಟುಕೊಂಡವರೂ ದಂಡ ಕಟ್ಟಿದ ಹಾಗೆ ಆಗುತ್ತಿತ್ತು. ಅದಕ್ಕಿಂತ ವಾಪಸ್ ಪದ್ಧತಿ ನಿಲ್ಲಿಸುವುದೇ ನ್ಯಾಯ ಅಂತ ಸದಸ್ಯರ ಸಭೆಯಲ್ಲಿ ತೀರ್ಮಾನ ಆಯಿತು. ಸಭೆಯಲ್ಲಿ ಸದ್ದು ಜಾಸ್ತಿ ಆಗಿದ್ದು ಇದಕ್ಕಲ್ಲ, ಮತ್ತೆ ಆ ಮುಕ್ತಾಯಕ್ಕೇ.

ಎರಡನೇ ಮುದ್ರಣದಲ್ಲಾದರೂ ಮುಕ್ತಾಯ ಬದಲಾಯಿಸಿ ಅಂತ ತುಂಬ ಜನ ಬರೆದಿದ್ದೀರಿ. ಕುವೆಂಪುನಗರದ ಹಿರಿಯರೊಬ್ಬರು ಉದಾಹರಣೆ ಸಮೇತ ಬಂದಿದ್ದರು: ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಮುಗಿಸಿದರು, ಓದುಗರು ಸಿಟ್ಟಾಗಿ ಪತ್ರಿಕೆಯ ಚಂದಾ ಬಿಟ್ಟರು, 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ಹೌದು ಸಾರ್, ಅದಕ್ಕೆ ಹತ್ತು ವರ್ಷ ಹಿಡಿಯಿತು, ನಮಗೂ ಅಷ್ಟು ಟೈಮ್ ಕೊಡಿ ಅಂದೆವು. ನಕ್ಕರು, ಆದರೆ ಒಪ್ಪಲಿಲ್ಲ. ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳನ್ನು ಬಾಡಿಗೆಗೆ ತಂದು ಓದಿ ಬೆಳೆದವರು ನಾವೂ. ಕೊನೇ ಪುಟದಲ್ಲಿ ಕಳ್ಳ ಸಿಗಬೇಕು ಅನ್ನುವ ಆಸೆ ನಮಗೂ ಇದೆ. ಹಸ್ತಪ್ರತಿ ಬಂದಾಗ ನಮ್ಮಲ್ಲೇ ಅರ್ಧ ಜನ ಮುನಿಸಿಕೊಂಡಿದ್ದರು. ಮತ್ತೆ ಓದಿದ ಮೇಲೆ, ಅವಳು ಆ ಬೀಗ ಹಾಕದೆ ಇದ್ದಿದ್ದರೆ ಇದು ಸುಮ್ನೆ ಇನ್ನೊಂದು ಪತ್ತೇದಾರಿ ಕತೆ ಆಗುತ್ತಿತ್ತು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಒಂದಕ್ಷರ ಬದಲಾಗದೆ ಎರಡನೇ ಮುದ್ರಣ ಬರುತ್ತಿದೆ, ಬೆಲೆಯೂ ಅದೇ.

ಈ ತಿಂಗಳ ಕೊನೆಯವರೆಗೆ ಕೊಂಡ ಪುಸ್ತಕಕ್ಕೆ ಹಳೇ ನಿಯಮವೇ ನಡೆಯುತ್ತದೆ, ಬಿಲ್ ತನ್ನಿ. ಆಮೇಲೆ ಕೊಳ್ಳುವವರು ಮಳಿಗೆಯ ಬೆಂಚಿನ ಮೇಲೆ ಕೂತು ಎಷ್ಟು ಪುಟ ಬೇಕಾದರೂ ಓದಿ ನೋಡಿ, ಯಾರೂ ಎಬ್ಬಿಸುವುದಿಲ್ಲ. ವಾಪಸ್ ಬಂದ ಪ್ರತಿಗಳನ್ನು ಸದಸ್ಯರಿಗೆ ಎರವಲು ಕೊಡುತ್ತೇವೆ, ದುಡ್ಡಿಲ್ಲ. ಪೆನ್ಶನ್ ಬಂದ ಮೇಲೆ ಕೊಡುತ್ತೇನೆ ಅನ್ನುವವರ ಲೆಕ್ಕದ ಪುಸ್ತಕ ಹಾಗೇ ಇದೆ, ಅದನ್ನು ಯಾರೂ ಮುಟ್ಟಿಲ್ಲ. ಕಣ್ಣು ಸರಿಯಾಗಿ ಕಾಣದವರಿಗೆ, ಮೆಟ್ಟಿಲು ಹತ್ತಲಾಗದವರಿಗೆ ಮನೆಗೇ ತಂದುಕೊಡುವುದೂ ನಿಂತಿಲ್ಲ. ಫೋನ್ ಮಾಡಿ, ಸಂಜೆ ಆರರ ಮೇಲಾದರೆ ಒಳ್ಳೆಯದು.

ನಿಮ್ಮ ಪ್ರೀತಿಯ,
ಮಳಿಗೆಯ ಬಳಗ, ಮೈಸೂರು