ರಾತ್ರಿ ಪಾಳಿಯ ಆ ಸಿಸ್ಟರ್‌ಗೆ

ಕೊಡಗಿನ ಕಕ್ಕಡ ತಿಂಗಳ ಜಡಿಮಳೆಯಲ್ಲಿ ನಮ್ಮ ಮಗಳು 32ನೇ ವಾರಕ್ಕೇ ಹುಟ್ಟಿದಳು. ಉಸಿರು ಬಿಡುವಾಗೆಲ್ಲ ಮುಲುಗುತ್ತಿದ್ದಳು, ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮಡಿಕೇರಿ ಆಸ್ಪತ್ರೆಯಲ್ಲಿ ತಕ್ಷಣ ಒಳಗೆ ಒಯ್ದರು. ನನಗೆ ಕೈಕಾಲೇ ಆಡಲಿಲ್ಲ.

ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಬಂದು, "ಕೈ ತೊಳೆದು ಬನ್ನಿ ಅಣ್ಣ, ಮಗುವನ್ನು ನೋಡಿ" ಎಂದರು. ಪುಟ್ಟ ಮೂಗಿಗೆ ನಳಿಕೆ ಹಾಕಿದ್ದರು. ಪಕ್ಕದ ನೀರಿನ ಬಾಟಲಿ ಗುಳುಗುಳು ಅನ್ನುತ್ತಿತ್ತು. "ಇದು ಸಿಪ್ಯಾಪ್. ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಹೋಗದ ಹಾಗೆ ನೋಡಿಕೊಳ್ಳೋ ಸರ್ಫ್ಯಾಕ್ಟಂಟ್ ಇವಳಿಗಿನ್ನೂ ಸಾಕಷ್ಟಿಲ್ಲ. ಅದಕ್ಕೇ ಗಾಳಿಯ ಒತ್ತಡ ಕೊಡ್ತೀವಿ. ಗುಳ್ಳೆ ಏಳ್ತಾ ಇರಬೇಕು, ಗಾಬರಿ ಬೇಡ" ಎಂದರು. ಹೆರಿಗೆಗೆ ಮುಂಚೆ ನನ್ನ ಹೆಂಡತಿಗೆ ಕೊಟ್ಟ ಸ್ಟೆರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶ ಬಲಿಯಲಿ ಅಂತಲೇ ಎಂದು ಆಗ ಗೊತ್ತಾಯಿತು.

ಮಾತಾಡುತ್ತಲೇ ಮಗುವಿನ ಟೋಪಿ ಸರಿಮಾಡಿದರು. ನಳಿಕೆ ಒತ್ತಿ ಮೂಗು ಕೆಂಪಾಗಿದೆಯಾ ಅಂತ ಬಗ್ಗಿ ನೋಡಿದರು. ಆಮೇಲೆ ತಮ್ಮ ಫ್ಲಾಸ್ಕಿನಿಂದ ನನಗೆ ಬಿಸಿ ಕಾಫಿ ಬಗ್ಗಿಸಿ ಕೊಟ್ಟರು.

ಬೆಳಗಿನ ಜಾವ ಮುಲುಗುವುದು ಕಡಿಮೆಯಾದಾಗ ಅವರೇ ಓಡಿಬಂದು ಹೇಳಿದರು. ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ. ಎಷ್ಟು ಹಗುರಾಯಿತು ಅಂದರೆ, ಹೆಸರು ಕೇಳುವುದಕ್ಕೂ ತೋಚಲಿಲ್ಲ.

ಸಿಸ್ಟರ್, ಮಗಳು ಈಗ ಚೆನ್ನಾಗಿ ಹಾಲು ಕುಡಿಯುತ್ತಾಳೆ. ನಿಮಗೆ ನಮ್ಮ ಮನೆಯವರೆಲ್ಲರ ಧನ್ಯವಾದ.