ಆ ರಾತ್ರಿ ಬಂದ ಅಣ್ಣನಿಗೆ, ಮತ್ತೆ ನಿಮಗೆಲ್ಲರಿಗೂ

ಥೀಸಿಸ್ ಮುಗಿಯಿತು. ಹೋದ ವಾರ ವೈವಾ ಕೂಡ ಆಯಿತು. ಅವತ್ತಿನಿಂದ ಫೋನು, ಮೆಸೇಜು ನಿಂತಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ನಾನು ಏನು ಓದುತ್ತಿದ್ದೆ ಅಂತ ಹತ್ತಿರದವರಿಗೆ ಗೊತ್ತು. ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹಿಮ್ಮಡಿಯ ಸ್ವಲ್ಪ ಮೇಲೆ, ಕಾಲಿನ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಗಟ್ಟಿಯಾದ ಪಟ್ಟಿಯೊಂದು ಸಿಗುತ್ತದೆ, ಅಲ್ವಾ? ಅದೇ ಅಕಿಲೀಸ್ ಟೆಂಡನ್. ಪುಸ್ತಕದಲ್ಲಿ ಸ್ನಾಯುರಜ್ಜು ಅಂತ ಬರೆಯುತ್ತಾರೆ, ಲ್ಯಾಬಿನಲ್ಲಿ ಟೆಂಡನ್ ಅಂತಲೇ ಅನ್ನುತ್ತೇವೆ. ಮೀನಖಂಡ ಎಳೆದ ಎಳೆತವನ್ನು ಮೂಳೆಗೆ ಮುಟ್ಟಿಸುವುದು ಅದರ ಕೆಲಸ. ಅದರೊಳಗೆ ಕೊಲಾಜೆನ್ ಎಂಬ ಪ್ರೋಟೀನಿನ ಸಣ್ಣ ಎಳೆಗಳಿವೆ. ಎಳೆ ಸೇರಿ ನಾರು, ನಾರು ಸೇರಿ ಕಟ್ಟು. ಆ ಕಟ್ಟಿಗೆ ಫ್ಯಾಸಿಕಲ್ ಅಂತ ಹೆಸರು. ಒಂದು ಕಟ್ಟಿಗೂ ಇನ್ನೊಂದಕ್ಕೂ ನಡುವೆ ತೆಳ್ಳಗೆ, ಮೆತ್ತಗೆ ಒಂದು ಪದರ ಇರುತ್ತದೆ. ತುಂಬಾ ಕಾಲ ಎಲ್ಲರ ಗಮನ ಕಟ್ಟುಗಳ ಮೇಲೇ ಇತ್ತು, ಈ ಪದರವನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಹೇಜಲ್ ಸ್ಕ್ರೀನ್ ಮತ್ತು ಅವರ ಜೊತೆಗಾರರು ಕುದುರೆ ಕಾಲಿನ ಟೆಂಡನ್ ಹಿಡಿದು ಕೂತರು. ಓಡುವಾಗ ಹಿಗ್ಗಿ ಕುಗ್ಗಬೇಕಾದ ಟೆಂಡನ್‌ನಲ್ಲಿ ಕಟ್ಟುಗಳು ಒಂದರ ಪಕ್ಕ ಒಂದು ಜಾರುತ್ತವೆ, ಜಾರಲು ಬಿಡುವುದು ಈ ಪದರ ಅಂತ ತೋರಿಸಿದರು. ವಯಸ್ಸಾದ ಹಾಗೆ ಪದರ ಬಿಗಿಯಾಗುತ್ತದೆ. ಜಾರುವುದು ಕಡಿಮೆಯಾಗಿ ಭಾರವೆಲ್ಲ ಕಟ್ಟುಗಳ ಮೇಲೇ ಬೀಳುತ್ತದೆ. ಅದೇ ಪದರ ಮನುಷ್ಯರ ಹಿಮ್ಮಡಿಯಲ್ಲಿ ಹೇಗೆ ಮುಪ್ಪಾಗುತ್ತದೆ ಅನ್ನುವುದು ನನ್ನ ಥೀಸಿಸ್.

ದಾರಿ ತೋರಿಸಿದ ಗೈಡ್, ಅಂಕಿಗಳ ಗೋಜಲು ಬಿಡಿಸಿಕೊಟ್ಟ ಸ್ಟ್ಯಾಟಿಸ್ಟಿಕ್ಸ್ ವಿಭಾಗದ ಗೆಳೆಯ, ಸೂಕ್ಷ್ಮದರ್ಶಕದ ಕೋಣೆಯಲ್ಲಿ ತಮ್ಮ ಸರದಿ ನನಗೆ ಬಿಟ್ಟುಕೊಟ್ಟ ಜೂನಿಯರ್‌ಗಳು, ಬರೆದದ್ದನ್ನೆಲ್ಲ ಬೇಸರಿಸದೆ ಓದಿದ ಅಕ್ಕ, ಯಾವತ್ತೂ "ಯಾವಾಗ ಮುಗಿಯುತ್ತೆ" ಅಂತ ಕೇಳದ ಅಪ್ಪ ಅಮ್ಮ, ಎಲ್ಲರಿಗೂ ಮನಸಾರೆ ವಂದನೆ. ನಿಮ್ಮ ಋಣ ದೊಡ್ಡದು. ಆದರೆ ಇವತ್ತು ಜಾಸ್ತಿ ಬರೆಯಬೇಕಾದದ್ದು ಬೇರೆಯವರ ಬಗ್ಗೆ. ನೀವ್ಯಾರೂ ತಪ್ಪು ತಿಳಿಯುವುದಿಲ್ಲ ಅಂತ ಗೊತ್ತು.

ನಮ್ಮ ಲ್ಯಾಬಿನ ಟೆಕ್ನಿಷಿಯನ್ ಅವರು. "ಇಲ್ಲೆಲ್ಲ ನನ್ನ ಹೆಸರು ಹಾಕ್ಬೇಡಮ್ಮ" ಅಂತ ಮೊದಲೇ ಹೇಳಿದ್ದಾರೆ, ಅದಕ್ಕೆ ಅಣ್ಣ ಅಂತಲೇ ಬರೆಯುತ್ತೇನೆ. ಲ್ಯಾಬಿನಲ್ಲಿ ನಾವೆಲ್ಲ ಕರೆಯುವುದೂ ಹಾಗೆಯೇ.

ದಾನವಾಗಿ ಬಂದ ಟೆಂಡನ್ನನ್ನು, ಅದು ಎಷ್ಟು ಎಳೆತ ತಡೆಯುತ್ತದೆ ಅಂತ ಅಳೆಯಲು ಯಂತ್ರಕ್ಕೆ ಹಾಕಿ ಎಳೆಯುವುದು ಕೇಳಲು ಸುಲಭ. ಕೈಯಲ್ಲಿ ಹಿಡಿದಾಗ ಕಷ್ಟ ತಿಳಿಯುತ್ತದೆ. ಅದು ಕೊನೆಯವರೆಗೂ ಒದ್ದೆಯಾಗಿಯೇ ಇರಬೇಕು. ಒಣಗಿದರೆ ಗಡುಸಾಗುತ್ತದೆ, ಅಳತೆ ಸುಳ್ಳಾಗುತ್ತದೆ. ಒದ್ದೆಯಿದ್ದರೆ ಹಿಡಿಕೆಯಿಂದ ಜಾರುತ್ತದೆ. ಜಾರದಿರಲಿ ಅಂತ ಬಿಗಿದರೆ ಹಿಡಿಕೆಯ ಅಂಚೇ ಅದನ್ನು ಕಚ್ಚಿ ಹರಿಯುತ್ತದೆ. ಅದಕ್ಕೆ ಎರಡು ತುದಿಗಳನ್ನು ಮಾತ್ರ ಹಿಡಿಕೆಯೊಳಗೇ ಹೆಪ್ಪುಗಟ್ಟಿಸಿ, ನಡುಭಾಗವನ್ನು ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿ ಎಳೆಯಬೇಕು. ಎಷ್ಟು ಹೊತ್ತು ಹೆಪ್ಪುಗಟ್ಟಿಸಬೇಕು, ಹಿಡಿಕೆಯ ತಿರುಪನ್ನು ಯಾವಾಗ ಮತ್ತೆ ಬಿಗಿ ಮಾಡಬೇಕು, ತಂಪು ನಡುಭಾಗಕ್ಕೆ ಹರಡುವ ಮೊದಲು ಪರೀಕ್ಷೆ ಹೇಗೆ ಶುರು ಮಾಡಬೇಕು, ಇದೆಲ್ಲ ಅಣ್ಣನ ಬೆರಳಲ್ಲಿದೆ. ಯಾವ ಪೇಪರಿನಲ್ಲೂ ಅಷ್ಟು ವಿವರ ನನಗೆ ಸಿಗಲಿಲ್ಲ.

ಟೆಂಡನ್ ಹರಿಯುವಾಗ ಒಂದೇ ಏಟಿಗೆ ತುಂಡಾಗುವುದು ಕಡಿಮೆ. ಒಳಗಿನ ಕಟ್ಟುಗಳು ಒಂದಾದ ಮೇಲೆ ಒಂದು ಬಿಡುತ್ತವೆ. ಪರದೆಯ ಮೇಲಿನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೊನೆಗೆ ಉಳಿಯುವುದು ಹುರಿ ಬಿಚ್ಚಿದ ಹಗ್ಗದ ಹಾಗೆ ಕೆದರಿದ ಎರಡು ತುದಿ. ಪ್ರತಿ ಸಲವೂ ಅಣ್ಣ ಆ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೇರವಾಗಿ ಕತ್ತರಿಸಿದಂತೆ ಇದ್ದರೆ, "ಇದು ಎಳೆದಾಗ ಹರಿದಿದ್ದಲ್ಲ, ಹಿಡಿಕೆ ಕಚ್ಚಿದ್ದು. ಈ ಅಂಕಿ ಬಿಡು" ಅನ್ನುತ್ತಿದ್ದರು. ಚೆನ್ನಾಗಿ ಬಂದಿದೆ ಅಂತ ನಾನು ಖುಷಿಪಟ್ಟ ಅಂಕಿಗಳನ್ನೂ ಹಾಗೆ ಬಿಟ್ಟಿದ್ದೇವೆ. ಥೀಸಿಸ್‌ನಲ್ಲಿ ಉಳಿದಿರುವ ಒಂದೊಂದು ಅಂಕಿಯೂ ಅವರ ಕಣ್ಣು ದಾಟಿ ಬಂದದ್ದು.

ಆ ಟೆಂಡನ್‌ಗಳನ್ನು ಇಟ್ಟಿದ್ದ ಡೀಪ್ ಫ್ರೀಜರ್ ಕೈಕೊಟ್ಟ ರಾತ್ರಿಯ ಕತೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಯಾಕೆ ಕೆಟ್ಟಿತು, ಆಮೇಲೆ ಏನೆಲ್ಲ ಪತ್ರ ವ್ಯವಹಾರ ಆಯಿತು, ಅದನ್ನು ಮತ್ತೆ ಕೆದಕುವುದಿಲ್ಲ. ಅಣ್ಣ ಏನು ಮಾಡಿದರು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಅದನ್ನು ನೋಡಿದವಳು ನಾನೊಬ್ಬಳೇ.

ಅವರು ಕೆಲಸ ಮುಗಿಸಿ ಮನೆಗೆ ಹೋಗಿಯಾಗಿತ್ತು. ನಾನು ಫೋನ್ ಮಾಡಿ ಗಾಬರಿಯಲ್ಲಿ ಏನೇನೋ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು, "ಬಾಗಿಲು ತೆಗ್ದಿದೀಯಾ?" ಇಲ್ಲ ಅಂದೆ. "ತೆಗೀಬೇಡ. ನಾನು ಬರೋವರ್ಗೂ ಮುಟ್ಟಬೇಡ." ಬರುವಾಗ ಇನ್ನೊಂದು ವಿಭಾಗದವರನ್ನು ನಿದ್ದೆಯಿಂದ ಎಬ್ಬಿಸಿ ಥರ್ಮೋಕೋಲ್ ಪೆಟ್ಟಿಗೆಗಳ ತುಂಬಾ ಡ್ರೈ ಐಸ್ ತಂದಿದ್ದರು. ಬಂದವರೇ ಮೊದಲು ಕಿಟಕಿಗಳನ್ನೆಲ್ಲ ತೆಗೆದರು. ಡ್ರೈ ಐಸ್ ಆವಿಯಾದರೆ ಬರುವುದು ಇಂಗಾಲದ ಡೈಆಕ್ಸೈಡ್, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೆ ಅಪಾಯ. ಅಂಥ ಹೊತ್ತಿನಲ್ಲೂ ಅವರಿಗೆ ಅದು ನೆನಪಿತ್ತು.

ಆಮೇಲೆ ಕೇಳಿದರು, "ಯಾವುದು ಮೊದಲು?" ನಾನು ಥೀಸಿಸ್‌ಗೆ ತುರ್ತಾಗಿ ಬೇಕಾದವುಗಳ ಪಟ್ಟಿ ಹೇಳತೊಡಗಿದೆ. ಅವರು ತಡೆದರು. "ನಿಂಗೆ ಬೇಕಾಗಿರೋದಲ್ಲಮ್ಮ. ಮತ್ತೆ ಸಿಗದೇ ಇರೋದು ಯಾವುದು, ಅದು ಹೇಳು."

ಮತ್ತೆ ಸಿಗದೇ ಇರುವುದು ಎಳೆ ವಯಸ್ಸಿನವರದು. ಸತ್ತ ಮೇಲೆ ದೇಹದಾನ ಮಾಡುವವರಲ್ಲಿ ವಯಸ್ಸಾದವರೇ ಹೆಚ್ಚು. ಹಾಗಾಗಿ ಮುದಿ ಟೆಂಡನ್ ಜೊತೆ ಹೋಲಿಸಿ ನೋಡಲು ಎಳೆಯ ಟೆಂಡನ್ ಸಿಗುವುದು ಅಪರೂಪ. ಅವನ್ನೇ ಮೊದಲು ಸಾಗಿಸಿದೆವು. ಅಣ್ಣ ಬಾಗಿಲು ಸ್ವಲ್ಪವೇ ತೆಗೆದು ಒಂದು ತಟ್ಟೆ ಎಳೆದು ಮುಚ್ಚುತ್ತಿದ್ದರು, ನಾನು ಚೀಟಿ ಓದಿ ಪೆಟ್ಟಿಗೆಗೆ ಇಡುತ್ತಿದ್ದೆ. ಫಾಯಿಲ್‌ನಲ್ಲಿ ಸುತ್ತಿದ ಒಂದು ಪೊಟ್ಟಣ ಕೈಗೆ ಬಂತು. ಚೀಟಿಯ ಮೇಲೆ ಸಂಕೇತದ ಸಂಖ್ಯೆ, ಅದರ ಕೆಳಗೆ ವಯಸ್ಸು: 19.

ಅದನ್ನು ಮೊದಲೂ ನೋಡಿದ್ದೆ. ಪಟ್ಟಿಯಲ್ಲಿ ನಾನೇ ಬರೆದದ್ದು. ಆ ರಾತ್ರಿ ಮಾತ್ರ ಕೈ ಮುಂದೆ ಹೋಗಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ಒಂದು ಸಂಶೋಧನೆಯ ವಿಷಯ ಹೇಳಬೇಕು. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ವಿಪರೀತ ಏರಿತ್ತು, ಆಮೇಲೆ ನಿಧಾನವಾಗಿ ಇಳಿಯಿತು. ಆ ಕಾಲದಲ್ಲಿ ಬೆಳೆದವರ ಮೈಯೊಳಗೆ ಅದರ ಗುರುತು ಸೇರಿಕೊಂಡಿದೆ. ಯಾವ ಭಾಗ ಯಾವಾಗ ಕಟ್ಟಿದ್ದು ಅಂತ ಆ ಗುರುತಿನಿಂದ ಲೆಕ್ಕ ಹಾಕಬಹುದು. ಡೆನ್ಮಾರ್ಕಿನ ಕಟ್ಯಾ ಹೈನೆಮೈಯರ್ ಮತ್ತು ಸಂಗಡಿಗರು 2013ರಲ್ಲಿ ಅಕಿಲೀಸ್ ಟೆಂಡನ್ನಿಗೆ ಆ ಲೆಕ್ಕ ಹಾಕಿದರು. ಅದರ ಒಳತಿರುಳು ಕಟ್ಟುವುದು ಬದುಕಿನ ಮೊದಲ 17 ವರ್ಷಗಳಲ್ಲಿ, ಆಮೇಲೆ ಅದು ಹೊಸದಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಗೊತ್ತಾಯಿತು. ಪಕ್ಕದ ಮಾಂಸಖಂಡ ಹಾಗಲ್ಲ, ಅದು ಹೊಸದಾಗುತ್ತಲೇ ಇರುತ್ತದೆ. ಹದಿಹರೆಯ ಮುಗಿಯುವುದರೊಳಗೆ ಕಟ್ಟಿದ ಟೆಂಡನ್ ಮೇಲೆಯೇ ನಾವು ಕೊನೆಯವರೆಗೂ ನಡೆಯುತ್ತೇವೆ.

ನನ್ನ ಕೈಯಲ್ಲಿದ್ದದ್ದು ಕಟ್ಟಿ ಮುಗಿದು ಎರಡು ವರ್ಷವಾಗಿತ್ತು, ಅಷ್ಟೇ. ಇನ್ನೂ ಅರವತ್ತು ವರ್ಷ ನಡೆಯಬೇಕಾಗಿತ್ತು ಅದು. ಯಾರ ಮಗುವೋ, ಹೇಗೆ ಹೋಯಿತೋ ನಮಗೆ ಹೇಳುವುದಿಲ್ಲ, ಕೇಳುವ ಹಾಗೂ ಇಲ್ಲ. ಆದರೆ ಯಾರೋ ಅಪ್ಪ, ಯಾರೋ ಅಮ್ಮ ಆ ದಿನ ಒಂದು ಕಾಗದಕ್ಕೆ ಸಹಿ ಹಾಕಿದ್ದಾರೆ. ಅಂಥ ದಿನ ಅವರಿಂದ ಹೇಗಾದರೂ ಆಯಿತು ಅದು? ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಜೋರಾಗಿ ಅತ್ತುಬಿಟ್ಟೆ.

ಅಣ್ಣ ಸಮಾಧಾನ ಹೇಳಲಿಲ್ಲ. "ಕೊಡಮ್ಮ, ಕೈ ಬಿಸಿ ತಗಲುತ್ತೆ" ಅಂತ ಪೊಟ್ಟಣ ತೆಗೆದುಕೊಂಡು ಐಸ್ ನಡುವೆ ಇಟ್ಟು ಮುಚ್ಚಿದರು. ಸ್ಟೂಲ್ ಎಳೆದು ಕೊಟ್ಟರು. "ಕೂತ್ಕೊಂಡು ಅಳು. ಉಳಿದಿದ್ದು ನಾನು ಇಡ್ತೀನಿ." ಸುಮ್ನೆ ಹೇಳಿದ್ದಲ್ಲ. ಉಳಿದದ್ದನ್ನೆಲ್ಲ ಅವರೊಬ್ಬರೇ ಇಟ್ಟರು, ಒಂದೊಂದು ಚೀಟಿಯನ್ನೂ ಜೋರಾಗಿ ಓದುತ್ತಾ, ನಾನು ಕೂತಲ್ಲಿಂದಲೇ ಬರೆದುಕೊಳ್ಳಲಿ ಅಂತ. ಬರೆಯುತ್ತಾ ಬರೆಯುತ್ತಾ ನನ್ನ ಅಳು ನಿಂತಿತು.

ಬೆಳಗಾಗುವವರೆಗೂ ಅವರು ಮನೆಗೆ ಹೋಗಲಿಲ್ಲ. ಪ್ರತಿ ಪೆಟ್ಟಿಗೆಗೂ ಒಂದು ಥರ್ಮಾಮೀಟರ್ ಇಟ್ಟು, ಅರ್ಧ ಗಂಟೆಗೊಮ್ಮೆ ನೋಡಿ, ರಿಜಿಸ್ಟರ್‌ನಲ್ಲಿ ಸಮಯ ಮತ್ತು ಡಿಗ್ರಿ ಬರೆದು ಸಹಿ ಹಾಕುತ್ತಾ ಹೋದರು. ಯಾರು ಕೇಳುತ್ತಾರೆ ಇದನ್ನೆಲ್ಲ ಅಂತ ಆಗ ಅನ್ನಿಸಿತ್ತು. ವೈವಾದಲ್ಲಿ ಕೇಳಿದರು. ಕೆಲವು ಮಾದರಿ ಕರಗಿ ಮತ್ತೆ ಹೆಪ್ಪುಗಟ್ಟಿದ್ದರೆ ಎಳೆಯದು, ಮುದಿಯದು ಅನ್ನುವ ಹೋಲಿಕೆಯೇ ಕೆಡುತ್ತದೆ, ಹಾಗಾಗಿಲ್ಲ ಅಂತ ಹೇಗೆ ನಂಬುವುದು ಅಂತ ಪರೀಕ್ಷಕರು ನೇರವಾಗಿಯೇ ಕೇಳಿದರು. ನಾನು ಅಣ್ಣನ ರಿಜಿಸ್ಟರ್ ಪುಟ ತೆಗೆದು ತೋರಿಸಿದೆ. ಅವರು ಮೇಲಿನಿಂದ ಕೆಳಗೆ ಓದಿ ಮುಂದಿನ ಪ್ರಶ್ನೆಗೆ ಹೋದರು.

ನಮ್ಮ ಪೇಪರಿನಲ್ಲಿ ಅಣ್ಣನ ಹೆಸರು ಲೇಖಕರ ಸಾಲಿನಲ್ಲೇ ಇದೆ. ಟೆಕ್ನಿಷಿಯನ್ ಅಂದರೆ ಕೊನೆಯಲ್ಲಿ ಒಂದು ಸಾಲು ವಂದನೆ ಹೇಳಿ ಮುಗಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಅದು ಸರಿಯಲ್ಲ. ಅಳತೆ ನಂಬುವ ಹಾಗೆ ಮಾಡಿದವರು ಆ ಕೆಲಸದ ಪಾಲುದಾರರೇ.

ದಾನ ಮಾಡಿದವರಿಗೆ ಮತ್ತು ಅವರ ಮನೆಯವರಿಗೆ ಏನು ಬರೆಯಬೇಕು ಅಂತ ತುಂಬಾ ಯೋಚಿಸಿದೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರಿಗೆ 80 ದಾಟಿತ್ತು. ಅವರ ಟೆಂಡನ್ ಹಳದಿಗೆ ತಿರುಗಿತ್ತು. ದೀರ್ಘಕಾಲ ಉಳಿಯುವ ಕೊಲಾಜೆನ್‌ಗೆ ರಕ್ತದ ಸಕ್ಕರೆ ವರ್ಷಗಟ್ಟಲೆ ನಿಧಾನವಾಗಿ ಅಂಟಿಕೊಂಡು ಎಳೆಗಳ ನಡುವೆ ಬೆಸುಗೆ ಹಾಕುತ್ತದೆ, ಬಣ್ಣ ಬರುವುದು ಹಾಗೆ. ಅವರು ಹುಡುಗನಾಗಿದ್ದಾಗ ಕಟ್ಟಿದ ತಿರುಳು ಅದು, ಕೊನೆಯವರೆಗೂ ಅವರನ್ನು ಹೊತ್ತಿತ್ತು. ಅದನ್ನು ಮುಟ್ಟುವಾಗಲೆಲ್ಲ ನನಗೆ ಗೌರವ ಬಿಟ್ಟು ಬೇರೇನೂ ಅನ್ನಿಸಲಿಲ್ಲ. ನೀವು ಕೊಟ್ಟದ್ದನ್ನು ವ್ಯರ್ಥ ಮಾಡಿಲ್ಲ ಅಂತ ಇಲ್ಲಿ ಹೇಳಬಲ್ಲೆ.

ಫಿಸಿಯೋ ಗೆಳತಿಗೂ ಬೇರೆಯಾಗಿಯೇ ಒಂದು ಮಾತು. ನಾನು ಅಂಕಿಗಳಲ್ಲಿ ಮುಳುಗಿದ್ದಾಗಲೆಲ್ಲ ಅವಳು ಫೋನ್ ಮಾಡಿ ತನ್ನ ಹತ್ತಿರ ಬಂದವರ ನೋವಿನ ಬಗ್ಗೆ ಹೇಳುತ್ತಿದ್ದಳು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಲು ಹೆದರುವವರು, ಓಟ ಬಿಟ್ಟವರು, ತೋಳು ಮೇಲೆತ್ತಿ ತಲೆ ಬಾಚಿಕೊಳ್ಳಲು ಆಗದವರು. ಹಿಮ್ಮಡಿ ನೋವಿಗೆ ಏನು ಮಾಡಲಿ ಅಂತ ನನ್ನನ್ನು ಕೇಳುವ ಗೆಳೆಯರಿಗೆ ಅವಳ ಉತ್ತರವನ್ನೇ ಹೇಳುತ್ತೇನೆ: ಚೆನ್ನಾಗಿ ತೋರಿಸಿಕೊಳ್ಳಿ, ಹೇಳಿದ ವ್ಯಾಯಾಮ ಮಾಡಿ, ತಾಳ್ಮೆ ಇರಲಿ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಹಿಮ್ಮಡಿಯನ್ನು ಭಾರದೊಂದಿಗೆ ನಿಧಾನವಾಗಿ ಇಳಿಸುವ ವ್ಯಾಯಾಮದಿಂದ ನೋವು ಕಡಿಮೆಯಾದದ್ದನ್ನು ತೋರಿಸಿದಾಗಲೂ ಅದನ್ನು 12 ವಾರ, ದಿನಕ್ಕೆ ಎರಡು ಸಲ ಮಾಡಿಸಿದ್ದರು. ಟೆಂಡನ್ ವಿಷಯದಲ್ಲಿ ಬೇಗ ಅನ್ನುವುದು ಇಲ್ಲ. ಹರಿದದ್ದು ಕೂಡಿಕೊಂಡರೂ ಮೊದಲಿನ ಹಾಗೆ ಆಗುವುದು ಕಷ್ಟ, ಅಲ್ಲಿ ಬರುವುದು ಗಾಯದ ಕಲೆಯಂಥ ಅಂಗಾಂಶ. ಅದನ್ನು ಹೇಗಾದರೂ ಬದಲಿಸಬೇಕು ಅನ್ನುವ ಹಟ ನನ್ನಲ್ಲಿ ಹುಟ್ಟಿದ್ದು ಇವಳ ಫೋನುಗಳಿಂದ.

ಅಳತೆಗಳನ್ನೆಲ್ಲ ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಮುಕ್ತವಾಗಿ ಹಾಕುತ್ತಿದ್ದೇವೆ. ಪರೀಕ್ಷೆಗೆ ಬಳಸದೆ ಉಳಿದ ಮಾದರಿಗಳು ಮುಂದೆ ಬರುವ ವಿದ್ಯಾರ್ಥಿಗಳಿಗೆ. ಹಿಡಿಕೆ ಬಿಗಿಯುವುದನ್ನು ಅವರಿಗೆ ಅಣ್ಣನೇ ಕಲಿಸುತ್ತಾರೆ, ನಾನು ಪಕ್ಕದಲ್ಲಿ ಕೂತು ಅದನ್ನೆಲ್ಲ ಅಕ್ಷರಕ್ಕೆ ಇಳಿಸಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಥೀಸಿಸ್‌ನ ಮೊದಲ ಬೈಂಡ್ ಪ್ರತಿ ಅಣ್ಣನ ಮನೆಗೆ ಹೋಗುತ್ತದೆ. ಬೇರೆ ಯಾರಿಗೆ ಬೇಕಾದರೂ ಹೇಳಿ, ಪಿಡಿಎಫ್ ಕಳಿಸುತ್ತೇನೆ.